ಚೀಟಿಯ ಹನ್ನೆರಡನೇ ಹೆಸರು

ಪಂದ್ಯ ಮುಗಿದ ಮೇಲೆ ಎಲ್ಲರೂ ಕೋಚ್‌ಗಳೇ. 'ನಾನು ಮೊದಲೇ ಹೇಳಿದ್ದೆ' ಅನ್ನುವ ಮಾತು ನಮ್ಮ ನಾಲ್ವರ ಗುಂಪಿನಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಯಾರು, ಯಾವಾಗ, ಏನು ಹೇಳಿದ್ದರು ಅನ್ನುವುದಕ್ಕೆ ಮಾತ್ರ ಸಾಕ್ಷಿ ಇರುತ್ತಿರಲಿಲ್ಲ. ಗೆದ್ದೆತ್ತಿನ ಬಾಲ ಹಿಡಿಯುವುದರಲ್ಲಿ ನಾವೆಲ್ಲ ಪಳಗಿದವರು. ಅದರಲ್ಲಿ ನಾನು ಒಂದು ಕೈ ಮುಂದೆಯೇ.

2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಈ ಚಾಳಿ ಬಿಡಲೇಬೇಕಾಯಿತು. ನಾಲ್ವರೂ ಅರ್ಜೆಂಟೀನಾ ಕಡೆಯವರು. 36 ಪಂದ್ಯ ಸೋಲದೇ ಬಂದ ತಂಡ ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾ ಎದುರು 2-1ರಲ್ಲಿ ಮುಗ್ಗರಿಸಿತು. ಮೊದಲರ್ಧದಲ್ಲಿ ಮೂರು ಗೋಲು ಆಫ್‌ಸೈಡ್ ಅಂತ ರದ್ದಾದವು, ಎರಡನೇ ಅರ್ಧ ಶುರುವಾಗಿ ಎಂಟು ನಿಮಿಷ ಕಳೆಯುವಷ್ಟರಲ್ಲಿ ಎರಡು ಗೋಲು ಬಿಟ್ಟಾಯಿತು. ಪಂದ್ಯ ಮುಗಿದದ್ದೇ ತಡ, ಒಬ್ಬ 'ಪಾಪು ಗೊಮೆಸ್‌ನನ್ನು ಆಡಿಸಬಾರದು ಅಂತ ನನಗೆ ಮೊದಲೇ ಗೊತ್ತಿತ್ತು' ಅಂದ. ಇನ್ನೊಬ್ಬ 'ಹಾಗಂತ ಹೇಳಿದ್ದು ನಾನು, ನೀನಲ್ಲ' ಅಂದ. ಸೋಲಿನ ದುಃಖಕ್ಕಿಂತ ಈ ಜಗಳವೇ ದೊಡ್ಡದಾಯಿತು.

ನಮ್ಮಲ್ಲಿ ಒಬ್ಬ ಕಾಲೇಜು ದಿನಗಳಲ್ಲಿ ಗೋಲ್‌ಕೀಪರ್ ಆಗಿದ್ದವನು. ಮಾತು ಕಮ್ಮಿ, ಆಡಿದರೆ ಚುಚ್ಚುತ್ತದೆ. ಹಳೆಯ ಪೆನ್ಸಿಲ್ ಡಬ್ಬಿಯೊಂದನ್ನು ತಂದು ಮೇಜಿನ ಮೇಲಿಟ್ಟ. 'ಮುಂದಿನ ಪಂದ್ಯದಿಂದ ಲೈನ್‌ಅಪ್, ಅಂದರೆ ಆಡುವ ಹನ್ನೊಂದು ಜನರ ಪಟ್ಟಿ, ಹೊರಗೆ ಬರುವ ಮೊದಲು ಎಲ್ಲರೂ ಚೀಟಿ ಬರೆದು ಇದರಲ್ಲಿ ಹಾಕಿ. ಹಾಕಿದ ಮೇಲೆ ಬದಲಿಸುವಂತಿಲ್ಲ. ಬಾಯಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.' ಅಂಕಗಳ ಲೆಕ್ಕವೂ ಅವನದೇ: ಸರಿಯಾದ ಹೆಸರಿಗೆ ಒಂದು, ಆ ಆಟಗಾರನ ಜಾಗವೂ ಸರಿ ಇದ್ದರೆ ಇನ್ನೊಂದು.

ಮೆಕ್ಸಿಕೊ ಪಂದ್ಯಕ್ಕೆ ಮೊದಲ ಚೀಟಿ ಬರೆದೆವು. ಬರೆಯಲು ಕೂತಾಗಲೇ ಒಂದು ವಿಷಯ ಗೊತ್ತಾಯಿತು. ಹನ್ನೊಂದು ಹೆಸರು ಗೀಚುವುದು ಸುಲಭ. ಕಾಗದ ಯಾರಿಗೂ ಬೇಡ ಅನ್ನುವುದಿಲ್ಲ. ಡಬ್ಬಿ ತೆರೆದು ನೋಡಿದರೆ ನಾಲ್ಕೂ ಚೀಟಿಗಳಲ್ಲಿ ಒಂಬತ್ತು ಹೆಸರು ಒಂದೇ. ಅಷ್ಟು ಹೊತ್ತು ಗಂಟಲು ಹರಿದುಕೊಂಡದ್ದು ಬರೀ ಎರಡು ಜಾಗಕ್ಕೆ. ಅಷ್ಟರಲ್ಲಿ ಲೈನ್‌ಅಪ್ ಬಂತು. ಕೋಚ್ ಸ್ಕಲೋನಿ ಐದು ಜನರನ್ನು ಬದಲಿಸಿದ್ದರು: ಮೊಂಟಿಯೆಲ್, ಲಿಸಾಂಡ್ರೊ ಮಾರ್ಟಿನೆಜ್, ಅಕುನ್ಯಾ, ಗೀಡೊ ರೊಡ್ರಿಗಸ್, ಮ್ಯಾಕ್ ಅಲಿಸ್ಟರ್ ಒಳಗೆ. ನಾವು ಯಾರೂ ಎರಡಕ್ಕಿಂತ ಹೆಚ್ಚು ಮುಟ್ಟಿರಲಿಲ್ಲ. ಇಷ್ಟು ವರ್ಷ 'ಕೋಚ್‌ಗೆ ಧೈರ್ಯ ಸಾಲದು' ಅಂತ ಬೈದುಕೊಂಡು ಬಂದವರು ನಾವೇ!

ನಾನು ಗೀಡೊ ರೊಡ್ರಿಗಸ್‌ನ ಹೆಸರು ಯಾಕೆ ಬರೆದಿರಲಿಲ್ಲ ಅಂತ ಯೋಚಿಸಿದೆ. ಅವನ ಆಟ ನನಗೆ ನೆನಪೇ ಇರಲಿಲ್ಲ, ಅಷ್ಟೇ ಕಾರಣ. ಅಭಿಮಾನಿಗೆ ನೆನಪಿರುವುದು ಗೋಲು, ಪಾಸು, ಡ್ರಿಬಲ್. ಎದುರಾಳಿಯ ಪಾಸು ಹೋಗಬೇಕಾದ ದಾರಿಯಲ್ಲಿ ಸುಮ್ಮನೆ ನಿಂತವನು ಯಾರಿಗೆ ನೆನಪಿರುತ್ತಾನೆ? ನಾನು ತಂಡ ಕಟ್ಟುತ್ತಿರಲಿಲ್ಲ, ಇಷ್ಟದವರನ್ನು ಕರೆದು ಕೂರಿಸುತ್ತಿದ್ದೆ. ಆ ಪಂದ್ಯ 2-0 ಗೆದ್ದೆವು. ಮೆಸ್ಸಿಯ ಗೋಲು 64ನೇ ನಿಮಿಷಕ್ಕೆ. ಎರಡನೆಯದು ಬೆಂಚಿನಿಂದ ಎದ್ದು ಬಂದ ಎಂಝೊ ಫರ್ನಾಂಡಿಸ್‌ನದು. ನಾಲ್ಕು ಚೀಟಿಗಳಲ್ಲಿ ಒಂದರಲ್ಲೂ ಎಂಝೊ ಹೆಸರಿರಲಿಲ್ಲ.

ಅವತ್ತೇ ಇನ್ನೊಂದು ನಿಯಮ ಸೇರಿಸಿದೆವು. ಇದು ನನ್ನ ತಲೆಯಿಂದ ಬಂದದ್ದು ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ: ಚೀಟಿಯಲ್ಲಿ ಹನ್ನೆರಡನೇ ಹೆಸರೊಂದು ಬೇಕು, ಬಿಟ್ಟವನ ಹೆಸರು. ಆಡಿಸಬಹುದಾಗಿದ್ದರೂ ಯಾರನ್ನು ಕೂರಿಸಿದೆ, ಯಾಕೆ ಅಂತ ಒಂದು ಸಾಲು. ಈ ಒಂದು ಸಾಲು ಬರೆಯಲು ಹನ್ನೊಂದು ಹೆಸರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. 'ಫಾರ್ಮ್ ಇಲ್ಲ' ಅಂತ ಬರೆದರೆ ನಡೆಯುತ್ತಿರಲಿಲ್ಲ. ಅವನಿದ್ದರೆ ಏನು ಸಿಗುತ್ತಿತ್ತು, ಅವನ ಬದಲು ಬಂದವನಿಂದ ಏನು ಸಿಗುತ್ತದೆ, ಅಷ್ಟು ಹೇಳಬೇಕು.

ಪೋಲೆಂಡ್ ಪಂದ್ಯಕ್ಕೆ ಈ ಸಾಲಿನ ಮೇಲೆಯೇ ಯುದ್ಧ ನಡೆಯಿತು. ಮುಂದೆ ನಿಂತು ಗೋಲು ಹೊಡೆಯುವ ಸ್ಟ್ರೈಕರ್ ಜಾಗಕ್ಕೆ ಲೌಟಾರೊ ಮಾರ್ಟಿನೆಜ್‌ನನ್ನು ಇಟ್ಟುಕೊಳ್ಳಬೇಕೋ, ಹುಲಿಯಾನ್ ಅಲ್ವಾರೆಜ್‌ನನ್ನು ತರಬೇಕೋ? ಲೌಟಾರೊ ಭಕ್ತನೊಬ್ಬ ನಮ್ಮಲ್ಲಿದ್ದಾನೆ. ಅವನು 1982ರ ವಿಶ್ವಕಪ್‌ನ ಪಾವ್ಲೊ ರೊಸ್ಸಿಯನ್ನು ಎಳೆದು ತಂದ. ರೊಸ್ಸಿ ಎರಡು ವರ್ಷದ ನಿಷೇಧ ಮುಗಿಸಿ ಬಂದವನು, ಇಟಲಿಯ ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದೂ ಗೋಲಿಲ್ಲ. ಕೋಚ್ ಬೆಯಾರ್ಜೋಟ್ ಆದರೂ ಕೈಬಿಡಲಿಲ್ಲ. ಐದನೇ ಪಂದ್ಯದಲ್ಲಿ ಬ್ರೆಜಿಲ್ ಎದುರು ಮೂರು, ಸೆಮಿಫೈನಲ್‌ನಲ್ಲಿ ಎರಡು, ಫೈನಲ್‌ನಲ್ಲಿ ಒಂದು. ಕಪ್ಪೂ ಬಂತು, ಅತಿ ಹೆಚ್ಚು ಗೋಲಿನ ಗೌರವವೂ ಬಂತು. 'ಸ್ಟ್ರೈಕರ್‌ಗೆ ಕಾಯಬೇಕು' ಅಂದ.

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಗೋಲ್‌ಕೀಪರ್ ಗೆಳೆಯನ ಹತ್ತಿರ ಇತ್ತು. 'ಗೋಲಿನ ವಿಷಯ ಬಿಡು. ಮೆಸ್ಸಿ ಚೆಂಡಿನ ಹಿಂದೆ ಓಡುವುದಿಲ್ಲ. ಆ ಓಟವನ್ನು ಇನ್ನೊಬ್ಬ ಓಡಬೇಕು. ಇಬ್ಬರಲ್ಲಿ ಯಾರು ಓಡುತ್ತಾರೆ?' ಭಕ್ತ ಸುಮ್ಮನಾದ, ಒಪ್ಪಲಿಲ್ಲ. ಅಲ್ವಾರೆಜ್ ಆಡಿದ, ಗೋಲೂ ಹೊಡೆದ. ಎಂಝೊ ಕೂಡ ಆ ಪಂದ್ಯದಿಂದ ಮೊದಲ ಹನ್ನೊಂದರಲ್ಲಿ ಬೇರೂರಿದ. ಆ ಸಲ ನನ್ನ ಚೀಟಿಗೆ ಒಳ್ಳೆಯ ಅಂಕ ಬಂತು. ಅಲ್ವಾರೆಜ್ ಹೆಸರು ಬರೆದದ್ದಕ್ಕಿಂತ ಲೌಟಾರೊ ಹೆಸರನ್ನು ಬಿಟ್ಟವರ ಸಾಲಿಗೆ ಹಾಕಿದ್ದಕ್ಕೇ ನನಗೆ ಕೈ ನಡುಗಿದ್ದು.

ಇನ್ನು ಫಾರ್ಮೇಶನ್, ಅಂದರೆ ಹಿಂದೆ, ನಡುವೆ, ಮುಂದೆ ಎಷ್ಟೆಷ್ಟು ಜನ ಅನ್ನುವ ವಿಷಯ. ನಮ್ಮ ಅರ್ಧ ಜಗಳ ಅಂಕಿಗಳದ್ದೇ: ಒಬ್ಬನಿಗೆ 4-3-3 ಪ್ರಾಣ, ಇನ್ನೊಬ್ಬನಿಗೆ 4-4-2 ಬಿಟ್ಟರೆ ಬೇರೆ ಜಗತ್ತಿಲ್ಲ. ಅದನ್ನು ಬಿಡಿಸಿದ್ದು ಅಂಗಿಯ ಗುಂಡಿಗಳು. ಹನ್ನೊಂದು ಬಿಳಿ, ಹನ್ನೊಂದು ಕಪ್ಪು. ಮೇಜಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಗುಂಡಿ ಜೋಡಿಸುತ್ತಿದ್ದೆವು. ನಾನು ಬಲು ಚಂದವಾಗಿ 4-3-3 ಜೋಡಿಸಿ ಕೈ ಒರೆಸಿಕೊಂಡೆ. ಗೋಲ್‌ಕೀಪರ್ ಒಂದು ಕಾಳುಮೆಣಸನ್ನು ಚೆಂಡಿನ ಲೆಕ್ಕದಲ್ಲಿ ಬಲ ಬದಿಯ ದಾಳಿಗಾರನಾದ ನನ್ನ ವಿಂಗರ್‌ನ ಮುಂದಿಟ್ಟು, 'ಇವನು ಕಳೆದುಕೊಂಡ. ಈಗ?' ಅಂದ. ವಿಂಗರ್ ಮುಂದಿದ್ದ, ಆ ಬದಿಯನ್ನು ಕಾಯಬೇಕಾದ ನನ್ನ ರೈಟ್‌ಬ್ಯಾಕ್ ಅವನ ಹಿಂದೆಯೇ ಮೇಲೆ ಓಡಿದ್ದ. ಬಿಟ್ಟುಹೋದ ಜಾಗಕ್ಕೆ ಒಂದು ಕಪ್ಪು ಗುಂಡಿ ಜಾರಿತು. ಅದನ್ನು ತಡೆಯಲು ನಡುವೆ ಕಾಯುವ ಸೆಂಟರ್‌ಬ್ಯಾಕ್‌ನನ್ನು ಎಳೆದೆ. ನಡುವೆ ಬಾಯಿ ತೆರೆದ ಬಾಗಿಲು. ಅಂಕಿ ಇನ್ನೂ 4-3-3 ಅಂತಲೇ ಇತ್ತು, ಮೇಜಿನ ಮೇಲೆ ಮಾತ್ರ ಅದೆಲ್ಲಿತ್ತೋ.

ಅಂದಿನಿಂದ ನಮ್ಮ ಪ್ರಶ್ನೆ ಬದಲಾಯಿತು. 'ಯಾವ ಫಾರ್ಮೇಶನ್' ಅಂತ ಕೇಳುವುದು ಬಿಟ್ಟೆವು. 'ಚೆಂಡು ಹೋದಾಗ ಯಾರು ಎಲ್ಲಿ' ಅಂತ ಕೇಳತೊಡಗಿದೆವು. ಅಂಕಿಗಳ ಮೋಸ ಹಳೆಯದೇ. ಪಾಸು ಪಡೆಯುವವನ ಮುಂದೆ ಗೋಲಿನ ಕಡೆಗೆ ಮೂವರು ಎದುರಾಳಿಗಳಾದರೂ ಇರಬೇಕೆಂಬ ಆಫ್‌ಸೈಡ್ ನಿಯಮ 1925ರಲ್ಲಿ ಇಬ್ಬರಿಗೆ ಇಳಿದಾಗ ಗೋಲುಗಳು ಸುರಿದವು. ಆರ್ಸೆನಲ್‌ನಲ್ಲಿ ಕೋಚ್ ಹರ್ಬರ್ಟ್ ಚಾಪ್‌ಮನ್ ನಡುಸಾಲಿನ ಮಧ್ಯದ ಆಟಗಾರನನ್ನು ಹಿಂದಕ್ಕೆಳೆದು ಮೂರನೇ ಡಿಫೆಂಡರ್ ಮಾಡಿದರು; ಡಬ್ಲ್ಯೂ-ಎಂ ಫಾರ್ಮೇಶನ್ ಅಂತ ಹೆಸರಾದದ್ದು ಅದೇ. 1953ರ ನವೆಂಬರ್‌ನಲ್ಲಿ ವೆಂಬ್ಲಿಗೆ ಬಂದ ಹಂಗೇರಿ, ಸೆಂಟರ್‌ಫಾರ್ವರ್ಡ್ ಅಂಗಿ ತೊಟ್ಟ ಹಿಡೆಕುಟಿಯನ್ನು ಹಿಂದೆ ನಿಲ್ಲಿಸಿತು. ಅವನನ್ನು ಕಾಯಬೇಕಾದ ಇಂಗ್ಲೆಂಡ್ ಡಿಫೆಂಡರ್‌ಗೆ ಬೆನ್ನು ಹತ್ತಿ ಹೋಗುವುದೋ, ನಿಂತಲ್ಲೇ ನಿಲ್ಲುವುದೋ ತೋಚಲಿಲ್ಲ. ಹಿಡೆಕುಟಿಗೆ ಮೂರು ಗೋಲು, ಹಂಗೇರಿಗೆ 6-3. ಕಾಗದದ ಮೇಲೆ ಎಲ್ಲರೂ ಅವರವರ ಜಾಗದಲ್ಲೇ ಇದ್ದರು.

ನೆದರ್‌ಲ್ಯಾಂಡ್ಸ್ ಎದುರಿನ ಕ್ವಾರ್ಟರ್‌ಫೈನಲ್ ಚೀಟಿ ನನಗೆ ಇವತ್ತಿಗೂ ಬಾಯಿಪಾಠ. ನಾವು ಮೂವರು ಡಿಫೆನ್ಸ್‌ಗೆ ನಾಲ್ವರನ್ನು ಬರೆದೆವು. ಗೋಲ್‌ಕೀಪರ್ ಒಬ್ಬನೇ ಐವರನ್ನು ಬರೆದ: ಮೂರು ಸೆಂಟರ್‌ಬ್ಯಾಕ್, ಎರಡೂ ಬದಿಗೆ ಮೇಲೆ ಕೆಳಗೆ ಓಡಾಡುವ ವಿಂಗ್‌ಬ್ಯಾಕ್. 'ಹೇಡಿ' ಅಂತ ನಕ್ಕೆವು. ಅವನು ಬರೆದ ಕಾರಣ ಇಷ್ಟೇ: 'ಅಮೆರಿಕ ಎದುರು ಡಚ್ಚರ ಮೂರೂ ಗೋಲಿನಲ್ಲಿ ವಿಂಗ್‌ಬ್ಯಾಕ್‌ಗಳ ಕೈವಾಡವಿತ್ತು.' ನಿಜವೇ. ಮೊದಲೆರಡು ಗೋಲಿಗೆ ಪಾಸು ಡುಮ್‌ಫ್ರೀಸ್‌ನದು, ಎರಡನೆಯದನ್ನು ಹೊಡೆದವನು ಇನ್ನೊಂದು ಬದಿಯ ಬ್ಲಿಂಡ್, ಮೂರನೆಯದು ಬ್ಲಿಂಡ್ ಕೊಟ್ಟದ್ದನ್ನು ಡುಮ್‌ಫ್ರೀಸ್ ಹೊಡೆದದ್ದು. ನಾವೂ ಅದೇ ಪಂದ್ಯ ನೋಡಿದ್ದೆವು, ನೋಡಿಯೂ ಕಂಡಿರಲಿಲ್ಲ.

ಲೈನ್‌ಅಪ್ ಬಂತು. ರೊಮೆರೊ, ಒಟಮೆಂಡಿ, ಲಿಸಾಂಡ್ರೊ ಮೂವರೂ ಇದ್ದರು, ಬದಿಗಳಲ್ಲಿ ಮೊಲಿನಾ ಮತ್ತು ಅಕುನ್ಯಾ. ಡಬ್ಬಿಯೊಳಗಿನ ಚೀಟಿ ತೆರೆಯುವ ಅಗತ್ಯವೇ ಇರಲಿಲ್ಲ, ಅವನ ಮುಖದಲ್ಲೇ ಇತ್ತು. ಇದು ರಕ್ಷಣೆಗೆ ಇಳಿದ ತಂಡ ಅಂತ ಗೊಣಗುತ್ತ ಕೂತೆವು. ಮೊದಲ ಗೋಲು ಹೊಡೆದವನು ಮೊಲಿನಾ, ಮೆಸ್ಸಿಯ ಸೂಜಿಯಂಥ ಪಾಸಿಗೆ. ಎರಡನೆಯದಕ್ಕೆ ಪೆನಾಲ್ಟಿ ಗಳಿಸಿಕೊಟ್ಟವನು ಅಕುನ್ಯಾ, ಬೀಳಿಸಿದವನು ಅದೇ ಡುಮ್‌ಫ್ರೀಸ್. ಎರಡೂ ಗೋಲಿಗೆ ದಾರಿ ತೆರೆದವರು 'ರಕ್ಷಣೆ'ಗೆಂದು ಬಂದ ವಿಂಗ್‌ಬ್ಯಾಕ್‌ಗಳು. ಆಮೇಲೆ ಡಚ್ಚರು ಎರಡನ್ನೂ ತೀರಿಸಿದರು, ಹೆಚ್ಚುವರಿ ಸಮಯವೂ ಕಳೆಯಿತು, ಶೂಟೌಟ್ ಬಂತು. ಕೊನೆಯ ಒದೆತಕ್ಕೆ ಬಂದವನು ಯಾರು? ಲೌಟಾರೊ. ಚೆಂಡು ಬಲೆ ಸೇರಿದಾಗ ನಮ್ಮ ಭಕ್ತ ಕೂಗಲೂ ಇಲ್ಲ, ಕುಣಿಯಲೂ ಇಲ್ಲ. ಎದ್ದು ನಿಂತು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ.

ಸೆಮಿಫೈನಲ್‌ನಲ್ಲಿ ನಾನು ಮಾಡಿಕೊಂಡ ಅವಮಾನವನ್ನೂ ಹೇಳಿಬಿಡುತ್ತೇನೆ. ಎಡ ಬದಿಗೆ ಅಕುನ್ಯಾ ಅಂತ ಬರೆದೆ. ಕಾರಣವನ್ನು ಎರಡು ಸಾಲು ವಿಸ್ತರಿಸಿ ಬೇರೆ ಬರೆದೆ, ಅವನ ಓಟ, ಅವನ ಕ್ರಾಸ್ ಅಂತೆಲ್ಲ. ಡಬ್ಬಿಗೆ ಹಾಕಿದೆ. ಅಕುನ್ಯಾ ಎರಡು ಹಳದಿ ಕಾರ್ಡ್ ಸೇರಿ ಆ ಪಂದ್ಯಕ್ಕೆ ನಿಷೇಧಗೊಂಡಿದ್ದ, ಮೊಂಟಿಯೆಲ್ ಕೂಡ. ಆಡುವಂತೆಯೇ ಇಲ್ಲದವನ ಮೇಲೆ ಪ್ರಬಂಧ ಬರೆದಿದ್ದೆ. ಈಗ ಚೀಟಿ ಬರೆಯುವ ಮೊದಲು ನಾನು ಮಾಡುವ ಮೊದಲ ಕೆಲಸ, ಕಾರ್ಡ್ ಮತ್ತು ಗಾಯದ ಪಟ್ಟಿ ನೋಡಿ ಆಡಲಾಗದವರ ಹೆಸರನ್ನು ಹೊಡೆದುಹಾಕುವುದು. ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ನಡೆಯುವ ಚರ್ಚೆಗಳು ಎಷ್ಟಿವೆಯೋ!

ಆ ಪಂದ್ಯದಲ್ಲಿ ಸ್ಕಲೋನಿ ಮತ್ತೆ ನಾಲ್ವರ ಡಿಫೆನ್ಸ್‌ಗೆ ಮರಳಿ, ಪರೆದೆಸ್‌ನನ್ನು ಸೇರಿಸಿ ನಡುವೆ ನಾಲ್ವರನ್ನು ನಿಲ್ಲಿಸಿದರು. ಮೊಡ್ರಿಚ್, ಬ್ರೊಜೊವಿಚ್, ಕೊವಾಚಿಚ್ ಇರುವ ಕ್ರೊಯೇಷಿಯಾಕ್ಕೆ ಅದು ಸರಿ ಅಂತ ನಾಲ್ವರೂ ಊಹಿಸಿದ್ದೆವು. 3-0.

ಹಾಗಾಗಿ ಫ್ರಾನ್ಸ್ ಎದುರಿನ ಫೈನಲ್‌ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅದೇ ತಂಡ, ಅಕುನ್ಯಾ ಮಾತ್ರ ವಾಪಸು. ಹನ್ನೆರಡನೇ ಹೆಸರು: ಡಿ ಮರಿಯಾ. ಕಾರಣ: 'ಗಾಯದಿಂದ ಎದ್ದು ಬಂದವನು, ತೊಂಬತ್ತು ನಿಮಿಷ ಓಡಲಾರ. ಕೊನೆಗೆ ಇಳಿಸಬೇಕು.' ಭಕ್ತ ಡಿ ಮರಿಯಾನನ್ನು ಬಲ ಬದಿಗೆ ಬರೆದಿದ್ದ, ಅವನ ಎಂದಿನ ಜಾಗಕ್ಕೆ. ಲೈನ್‌ಅಪ್‌ನಲ್ಲಿ ಡಿ ಮರಿಯಾ ಹೆಸರು ಕಂಡಾಗ ಭಕ್ತ ಮೇಜು ಕುಟ್ಟಿದ. ಪಂದ್ಯ ಶುರುವಾಯಿತು. ಡಿ ಮರಿಯಾ ಎಡಕ್ಕೆ ಹೋಗಿ ನಿಂತ.

ಗೋಲ್‌ಕೀಪರ್ ಗುಂಡಿಗಳನ್ನು ತೆಗೆದು ಆ ಬದಿಯನ್ನಷ್ಟೇ ಜೋಡಿಸಿದ. ಫ್ರಾನ್ಸ್‌ನ ರೈಟ್‌ಬ್ಯಾಕ್ ಕೂಂಡೆ ಮೂಲತಃ ಸೆಂಟರ್‌ಬ್ಯಾಕ್. ಅವನ ಮುಂದಿರುವ ಡೆಂಬೆಲೆ ದಾಳಿಗಾರ, ಹಿಂದೆ ಬಂದು ಕಾಯುವುದು ಅವನ ಜಾಯಮಾನವಲ್ಲ. ಗೆರೆಗೆ ಅಂಟಿಕೊಂಡು ನಿಂತ ಒಂದು ಬಿಳಿ ಗುಂಡಿ ಸಾಕು, ಇಬ್ಬರನ್ನೂ ಗೊಂದಲಕ್ಕೆ ಹಾಕಲು. 23ನೇ ನಿಮಿಷದಲ್ಲಿ ಡೆಂಬೆಲೆಯ ತಪ್ಪಿಗೆ ಸಿಕ್ಕ ಪೆನಾಲ್ಟಿಯನ್ನು ಮೆಸ್ಸಿ ಗೋಲಾಗಿಸಿದ. 36ಕ್ಕೆ ಡಿ ಮರಿಯಾನೇ ಹೊಡೆದ. 41ನೇ ನಿಮಿಷಕ್ಕೆ ಫ್ರಾನ್ಸ್ ಕೋಚ್ ಡೆಶಾಂ, ಡೆಂಬೆಲೆ ಮತ್ತು ಜಿರೂ ಇಬ್ಬರನ್ನೂ ಹೊರಗೆ ಕರೆದರು. ಒಬ್ಬನನ್ನು ಬಲದಿಂದ ಎಡಕ್ಕೆ ಸರಿಸಿದ್ದಕ್ಕೆ ಎದುರಾಳಿ ಕೋಚ್ ವಿರಾಮದ ತನಕವೂ ಕಾಯಲಿಲ್ಲ.

64ನೇ ನಿಮಿಷಕ್ಕೆ ಡಿ ಮರಿಯಾ ಹೊರಗೆ, ಅಕುನ್ಯಾ ಒಳಗೆ. 'ತೊಂಬತ್ತು ನಿಮಿಷ ಓಡಲಾರ ಅಂತ ಬರೆದಿದ್ದೆ ನೋಡಿ' ಅಂದೆ. ಯಾರೂ ನನ್ನತ್ತ ತಿರುಗಲಿಲ್ಲ. 80 ಮತ್ತು 81ರಲ್ಲಿ ಫ್ರಾನ್ಸ್‌ನ ಎಂಬಾಪೆ ಎರಡು ಹೊಡೆದು ಸಮ ಮಾಡಿದ ಮೇಲಂತೂ ಯಾರ ಚೀಟಿಯೂ ಯಾರಿಗೂ ಬೇಕಿರಲಿಲ್ಲ. ಡಿ ಮರಿಯಾನನ್ನು ತೆಗೆದದ್ದೇ ತಪ್ಪು ಅಂತ ಭಕ್ತ, ತೆಗೆಯದಿದ್ದರೆ ಇನ್ನೂ ಮೊದಲೇ ಗೋಲು ಬಿಡುತ್ತಿದ್ದರು ಅಂತ ನಾನು. ಈ ವ್ಯಾಜ್ಯ ಇವತ್ತಿಗೂ ತೀರ್ಮಾನವಾಗಿಲ್ಲ.

3-3ರ ನಂತರ ಶೂಟೌಟ್ ಮುಗಿದು, ಕಪ್ ಬಂದು, ಅತ್ತವರು ಅತ್ತು ಮುಗಿಸಿದ ಮೇಲೆ ಡಬ್ಬಿ ತೆರೆದೆವು. ಡಿ ಮರಿಯಾನನ್ನು ಎಡಕ್ಕೆ ಬರೆದವರು ಒಬ್ಬರೂ ಇಲ್ಲ. ನಾನು ಒಳಗಿಟ್ಟಿದ್ದ ಪರೆದೆಸ್ ಮೊದಲ ಹನ್ನೊಂದರಲ್ಲಿ ಇರಲಿಲ್ಲ, ಅಂಕ ಹೋಯಿತು. ಆದರೆ ಹೆಚ್ಚುವರಿ ಸಮಯದಲ್ಲಿ ಇಳಿದು ಶೂಟೌಟ್‌ನಲ್ಲಿ ನಮ್ಮ ಮೂರನೇ ಪೆನಾಲ್ಟಿಯನ್ನು ಗೋಲಾಗಿಸಿದವನು ಅವನೇ ತಾನೆ? ಅರ್ಧ ಅಂಕವಾದರೂ ಕೊಡಿ ಅಂದೆ. ಗೋಲ್‌ಕೀಪರ್ ಚೀಟಿ ಮಡಚಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ. ಕೊಡಲಿಲ್ಲ.