ಕೋನ್ ಕುಳಿಯನ್ನು ಮನೆಯಿಂದಲೇ ಅಳೆಯುವ ಬಗೆ

1971ರ ಫೆಬ್ರವರಿ 6ರಂದು ಅಪೊಲೊ 14ರ ಆಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ ಚಂದ್ರನ ಮೇಲೆ ಒಂದು ದಿಬ್ಬ ಹತ್ತಿದರು. ಅದರ ನೆತ್ತಿಯಲ್ಲಿದ್ದ ಕೋನ್ ಎಂಬ ಸಣ್ಣ ಕುಳಿಯೇ ಅವರ ಗುರಿ. ಅದರ ಅಗಲ ಸುಮಾರು 340 ಮೀಟರ್, ಆಳ ಸುಮಾರು 75 ಮೀಟರ್. ಕುಳಿಯ ಅಂಚಿಗೆ ಇನ್ನು 30 ಮೀಟರಿನಷ್ಟು ದೂರವಿದ್ದಾಗ, ಅದು ಎಲ್ಲಿದೆಯೆಂದು ತಿಳಿಯದೆ ಅವರು ಹಿಂತಿರುಗಬೇಕಾಯಿತು. ಈಗ ಒಂದು ಕಂಪ್ಯೂಟರ್ ಮತ್ತು ಇಂಟರ್ನೆಟ್ ಇದ್ದರೆ ಆ ಅಂಚನ್ನು ನೀವೇ ಗುರುತಿಸಬಹುದು, ಕುಳಿಯ ಆಳವನ್ನೂ ಲೆಕ್ಕ ಹಾಕಬಹುದು.

ಟೆಲಿಸ್ಕೋಪಿನಲ್ಲಿ ಕೋನ್ ಕಾಣುವುದಿಲ್ಲ. ಭೂಮಿಯಿಂದ ಅದರ ಅಗಲ ಬರೀ 0.18 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ರಲ್ಲೊಂದು ಪಾಲು). 200 ಮಿ.ಮೀ. ಟೆಲಿಸ್ಕೋಪು ಬಿಡಿಸಿ ತೋರಿಸಬಲ್ಲದ್ದು ಸುಮಾರು 0.6 ಆರ್ಕ್‌ಸೆಕೆಂಡ್, ಅಂದರೆ ಚಂದ್ರನ ಮೇಲೆ ಒಂದು ಕಿ.ಮೀ.ಗಿಂತ ತುಸು ಹೆಚ್ಚು. ಆದರೂ ಆ ನೆಲದ ಸ್ವರೂಪವನ್ನು ಕಣ್ಣಾರೆ ನೋಡಿ ಶುರು ಮಾಡುವುದು ಒಳ್ಳೆಯದು. ಶುಕ್ಲ ಪಕ್ಷದ ದಶಮಿಯ ಆಸುಪಾಸಿನಲ್ಲಿ 100 ಮಿ.ಮೀ. ಟೆಲಿಸ್ಕೋಪಿಗೆ ಸುಮಾರು 100 ಪಟ್ಟು ದೊಡ್ಡದಾಗಿ ತೋರಿಸುವ ಐಪೀಸ್ ಹಾಕಿ. ಕೋಪರ್ನಿಕಸ್ ಕುಳಿಯಿಂದ ದಕ್ಷಿಣಕ್ಕೆ ಬಂದರೆ ಸವೆದು ಹೋದ ಫ್ರಾ ಮೌರೊ ಸಿಗುತ್ತದೆ; ಅದರ ಅಗಲ ಸುಮಾರು 95 ಕಿ.ಮೀ. ಅದರ ಉತ್ತರಕ್ಕಿರುವ ಒರಟು ಗುಡ್ಡಗಳ ನಡುವೆ ಅಪೊಲೊ 14 ಇಳಿಯಿತು. ಹುಣ್ಣಿಮೆಯಂದು ನೋಡಿದರೆ ನೆರಳೇ ಇಲ್ಲದೆ ಈ ಗುಡ್ಡಗಳೆಲ್ಲ ಮಾಯವಾಗಿರುತ್ತವೆ.

ಇನ್ನು ಕಂಪ್ಯೂಟರಿಗೆ ಬನ್ನಿ. ಚಂದ್ರನನ್ನು ಸುತ್ತುವ ನಾಸಾದ ಎಲ್‌ಆರ್‌ಒ ನೌಕೆಯ ಕ್ಯಾಮೆರಾ ತಂಡ ನಡೆಸುವ ಕ್ವಿಕ್‌ಮ್ಯಾಪ್ ನಕ್ಷೆ ಎಲ್ಲರಿಗೂ ಉಚಿತ. ಇಳಿದಾಣದ ಸ್ಥಾನ ಅಕ್ಷಾಂಶ −3.645, ರೇಖಾಂಶ −17.471. ಮೈನಸ್ ಗುರುತು ಬಿಟ್ಟರೆ ಚಂದ್ರನ ಬೇರೆಲ್ಲೋ ಇರುತ್ತೀರಿ. ಕೆಲವು ನಕ್ಷೆಗಳು ಪಶ್ಚಿಮ ರೇಖಾಂಶವನ್ನು 360ರಿಂದ ಕಳೆದು 342.529 ಎಂದು ಬರೆಯುತ್ತವೆ. ಎರಡೂ ಒಂದೇ ಜಾಗ. ದಶಮಾಂಶಗಳನ್ನು ಮೊಟಕು ಮಾಡಬೇಡಿ. ಚಂದ್ರನ ಮೇಲೆ ಒಂದು ಡಿಗ್ರಿ ಅಂದರೆ 30.3 ಕಿ.ಮೀ., ಹಾಗಾಗಿ 0.01 ಡಿಗ್ರಿ ತಪ್ಪಿದರೆ 300 ಮೀಟರ್ ಆಚೀಚೆ. ಹೆಚ್ಚುಕಡಿಮೆ ಇಡೀ ಕೋನ್ ಕುಳಿಯಷ್ಟೇ ದೂರ.

ಇಳಿದಾಣದಿಂದ ಪೂರ್ವ-ಈಶಾನ್ಯಕ್ಕೆ ಒಂದು ಕಿ.ಮೀ. ದಾಟಿದ ಮೇಲೆ, ಸುತ್ತಲೂ ಬಂಡೆ ಚೆಲ್ಲಿರುವ ಹೊಸತಾದ ಕುಳಿಯೇ ಕೋನ್. ಅದು ಗುಳಿಯಾಗಿ ಕಾಣದೆ ಉಬ್ಬಿದ ಗುಡ್ಡೆಯಂತೆ ಕಂಡರೆ ಚಿತ್ರದಲ್ಲಿ ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂದು ಮೊದಲು ನೋಡಿ. ಬೆಳಕು ಮೇಲಿನಿಂದ ಬೀಳುವಂತೆ ಚಿತ್ರವನ್ನು ತಿರುಗಿಸಿದರೆ ಕಣ್ಣು ತಾನೇ ಸರಿಹೋಗುತ್ತದೆ.

ಅಗಲವನ್ನು ಅಂಚಿನ ಏಣಿನಿಂದ ಏಣಿಗೆ ಅಳೆಯಿರಿ; ನೆರಳು ಮುಗಿಯುವ ಜಾಗವನ್ನು ಅಂಚೆಂದು ತಿಳಿಯಬೇಡಿ. ಕುಳಿ ಪೂರಾ ದುಂಡಗಿಲ್ಲದ್ದರಿಂದ ನಾಲ್ಕು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆದುಕೊಳ್ಳಿ.

ಆಳ ಲೆಕ್ಕ ಹಾಕುವಲ್ಲಿ ಹೆಚ್ಚಿನವರು ಎಡವುತ್ತಾರೆ. ಸೂತ್ರ ಸುಲಭ: ನೆರಳಿನ ಉದ್ದವನ್ನು ಸೂರ್ಯ ಎಷ್ಟು ಡಿಗ್ರಿ ಎತ್ತರದಲ್ಲಿದ್ದಾನೋ ಆ ಕೋನದ ಟ್ಯಾನ್‌ನಿಂದ ಗುಣಿಸುವುದು. ಎಲ್‌ಆರ್‌ಒ ಚಿತ್ರದ ವಿವರದಲ್ಲಿ ಬೆಳಕಿನ ಪತನ ಕೋನ, ಅಂದರೆ ಬೆಳಕು ನೆಟ್ಟನೆ ಮೇಲಿನಿಂದ ಎಷ್ಟು ಡಿಗ್ರಿ ಓರೆಯಾಗಿ ಬೀಳುತ್ತಿದೆ ಎಂಬುದನ್ನು ಕೊಟ್ಟಿರುತ್ತಾರೆ. ಅದನ್ನು 90ರಿಂದ ಕಳೆದರೆ ಸೂರ್ಯನ ಎತ್ತರ. ಪತನ ಕೋನ 66 ಇದ್ದರೆ ಎತ್ತರ 24 ಡಿಗ್ರಿ, ಅದರ ಟ್ಯಾನ್ 0.445. ನೆರಳು 165 ಮೀಟರ್ ಬಂತೆನ್ನಿ, ಆಳ 73 ಮೀಟರ್.

ಈ ಉದಾಹರಣೆಗೆ 66 ಡಿಗ್ರಿಯ ಚಿತ್ರವನ್ನೇ ಆರಿಸಲು ಕಾರಣವಿದೆ. ಅಂಚಿನ ನೆರಳಿನ ತುದಿ ಕುಳಿಯ ತಳದ ನಡುವೆ ಬಿದ್ದಾಗ ಮಾತ್ರ ಸೂತ್ರ ಪೂರ್ತಿ ಆಳವನ್ನು ಕೊಡುತ್ತದೆ. ಕೋನ್ ಅಳತೆಯ ಕುಳಿಯಲ್ಲಿ ಅದು ಆಗುವುದು ಸೂರ್ಯ ಸುಮಾರು 24 ಡಿಗ್ರಿ ಮೇಲಿದ್ದಾಗ. ಇನ್ನೂ ಕೆಳಗಿದ್ದರೆ ನೆರಳಿನ ತುದಿ ಎದುರು ಗೋಡೆಯನ್ನು ಹತ್ತಿಬಿಡುತ್ತದೆ, ಮೇಲಿದ್ದರೆ ಈಚೆ ಗೋಡೆಯ ಇಳಿಜಾರಿನಲ್ಲೇ ನಿಲ್ಲುತ್ತದೆ. ಎರಡರಲ್ಲೂ ಆಳ ಕಡಿಮೆ ಬರುತ್ತದೆ. ಕೋನ್ ದಿಬ್ಬದ ಮೇಲಿರುವ ಕಾರಣ ಅದರ ಅಂಚು ಎಲ್ಲ ಕಡೆ ಒಂದೇ ಎತ್ತರದಲ್ಲಿಲ್ಲ. ಹಾಗಾಗಿ ಬೆಳಗಿನ ಚಿತ್ರವೊಂದು, ಸಂಜೆಯ ಚಿತ್ರವೊಂದು ತೆಗೆದುಕೊಂಡು ಎರಡೂ ಬದಿಯ ನೆರಳನ್ನು ಅಳೆಯಿರಿ.

ಕ್ವಿಕ್‌ಮ್ಯಾಪಿನಲ್ಲಿ ಗೆರೆ ಎಳೆದರೆ ನೆಲದ ಏರಿಳಿತದ ರೇಖೆಯೂ ಬರುತ್ತದೆ. ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಇಡೀ ಚಂದ್ರನ ಎತ್ತರದ ನಕ್ಷೆಯಲ್ಲಿ ಸುಮಾರು 60 ಮೀಟರಿಗೊಂದು ಬಿಂದು, ಅಂದರೆ ಕೋನ್ ಅಗಲಕ್ಕೆ ಐದಾರೇ ಬಿಂದುಗಳು. ತಳ ತುಂಬಿಕೊಂಡಂತೆ, ಕುಳಿ ಆಳವಿಲ್ಲದಂತೆ ತೋರುತ್ತದೆ. ಅಪೊಲೊ 14ರ ತಾಣಕ್ಕೆಂದೇ ಹತ್ತಿರದ ಚಿತ್ರಗಳಿಂದ ಮಾಡಿದ ಎತ್ತರದ ನಕ್ಷೆ ಇದೆ. ಆ ಪದರವನ್ನು ಹಾಕಿಕೊಳ್ಳಿ.

ಆ ಪದರದ ಮೇಲೆ ಇಳಿದಾಣದಿಂದ ಕುಳಿಯವರೆಗೆ ಗೆರೆ ಎಳೆದರೆ ಗಗನಯಾತ್ರಿಗಳು ದಾರಿ ತಪ್ಪಿದ್ದೇಕೆ ಎಂದು ಅರ್ಥವಾಗುತ್ತದೆ. ದಿಬ್ಬದ ಮೇಲೆ ಒಂದರ ಹಿಂದೊಂದು ಸಣ್ಣ ಉಬ್ಬುಗಳಿವೆ. ಪ್ರತಿ ಉಬ್ಬೂ ಕುಳಿಯ ಅಂಚೇ ಎನಿಸುವಂತಿದೆ, ನಿಜವಾದ ಬಾಯಿ ಅಂಚಿಗೇ ಹೋಗುವವರೆಗೆ ಕಾಣುವುದಿಲ್ಲ. ಗಾಳಿಯಿಲ್ಲದ ಕಾರಣ ದೂರದ್ದು ಮಸುಕಾಗುವುದಿಲ್ಲ, ಅಳತೆಗೆ ಮರವಿಲ್ಲ, ಮನೆಯಿಲ್ಲ. ಉಪಕರಣದ ಎರಡು ಚಕ್ರದ ಗಾಡಿ ಎಳೆದುಕೊಂಡು ಏರು ಹತ್ತುವಾಗ ಶೆಪರ್ಡ್ ಎದೆಬಡಿತ ನಿಮಿಷಕ್ಕೆ 150ಕ್ಕೆ ಏರಿತ್ತು. ಅರ್ಧ ಮೀಟರಿಗೊಂದು ಪಿಕ್ಸೆಲ್ ಇರುವ ಚಿತ್ರಗಳಲ್ಲಿ ಅವರು ನಡೆದ ಜಾಡು ತೆಳು ಗೆರೆಯಾಗಿ ಉಳಿದಿರುವುದು ಕಾಣುತ್ತದೆ. ಒಂದು ಚಿತ್ರದಲ್ಲಿ ಸಿಗದಿದ್ದರೆ ಸೂರ್ಯನ ಎತ್ತರ ಬೇರೆಯಿರುವ ಇನ್ನೊಂದನ್ನು ತೆರೆಯಿರಿ.

ಬಂಡೆ ಹುಡುಕಲು ಸೂರ್ಯ ತೀರ ಕೆಳಗಿರುವ ಚಿತ್ರ ಬೇಕು. 10 ಡಿಗ್ರಿಯಲ್ಲಿ 2 ಮೀಟರ್ ಎತ್ತರದ ಬಂಡೆಯ ನೆರಳು 11 ಮೀಟರ್ ಚಾಚುತ್ತದೆ. ನಾಲ್ಕು ಪಿಕ್ಸೆಲಿನ ಬಂಡೆ ಕಣ್ಣು ತಪ್ಪಿಸಿದರೂ 22 ಪಿಕ್ಸೆಲಿನ ನೆರಳು ತಪ್ಪಿಸದು. ಅಂಚಿನ ಸುತ್ತ ಹೀಗೆ ಬಂಡೆ ಎಣಿಸುತ್ತ ಹೊರಗೆ ಬನ್ನಿ; ದೂರ ಹೋದಂತೆ ದೊಡ್ಡವು ವಿರಳವಾಗುತ್ತವೆ.

ಅಂಚಿನ ಬಂಡೆಗಳಿಗೇ ಇಷ್ಟು ಬೆಲೆ ಏಕೆ? ಕೊಳವೆಬಾವಿ ಕೊರೆಯುವಾಗ ಅತಿ ಆಳದ ಕಲ್ಲುಪುಡಿ ಕೊನೆಗೆ ಬಂದು ರಾಶಿಯ ಮೇಲೆ ಬೀಳುವಂತೆ, ಕುಳಿಯಿಂದ ಚಿಮ್ಮಿದ್ದರಲ್ಲೂ ಆಳದ್ದು ಅಂಚಿನ ಹತ್ತಿರವೇ ಬೀಳುತ್ತದೆ. ಸುಮಾರು 2.5 ಕೋಟಿ ವರ್ಷದ ಹಿಂದೆ ಕೋನ್ ಉಂಟಾದಾಗ, ಇಂಬ್ರಿಯಂ ಎಂಬ ಮಹಾ ಅಪ್ಪಳಿಕೆ ಎರಚಿದ್ದ ಹಳೆಯ ಕಲ್ಲು ಮೇಲ್ಮಣ್ಣಿನಡಿಯಿಂದ ಹೊರಬಂತು. ಅಂಚಿನ ಹತ್ತಿರ ಹೆಕ್ಕಿದ 14321 ಸಂಖ್ಯೆಯ ಕಲ್ಲು 9 ಕೆ.ಜಿ. ತೂಗುತ್ತದೆ. ಕುಳಿಯೊಳಗೆ ಇಣುಕಲಾಗದಿದ್ದರೂ ಆಳದ ಕಲ್ಲು ಅವರ ಕೈಗೆ ಸಿಕ್ಕಿತ್ತು. ಆ ನಡಿಗೆಯನ್ನು ಸೋಲೆನ್ನುವುದು ಸರಿಯಲ್ಲ.

ಇನ್ನೂ ಸ್ಪಷ್ಟ ಚಿತ್ರ ಬೇಕಿದ್ದರೆ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ ಪ್ರದಾನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ. ಚಂದ್ರಯಾನ-2ರ ಓಎಚ್‌ಆರ್‌ಸಿ ಕ್ಯಾಮೆರಾ 100 ಕಿ.ಮೀ. ಎತ್ತರದಿಂದ 25 ಸೆಂ.ಮೀ. ವಿವರ ತೋರಿಸುತ್ತದೆ. ಒಂದು ಚಿತ್ರದಲ್ಲಿ ಸೆರೆಯಾಗುವ ನೆಲದ ಪಟ್ಟಿಯ ಅಗಲ 3 ಕಿ.ಮೀ. ಮಾತ್ರ, ಆದ್ದರಿಂದ ಬೇಕಾದ ಜಾಗ ಅದರೊಳಗೆ ಬಿದ್ದಿದೆಯೇ ಎಂದು ನೋಡಿ ಇಳಿಸಿಕೊಳ್ಳಿ. ಕಡತಗಳು ಬಹಳ ದೊಡ್ಡವು.

ಕೋನ್ ಅಳೆದು ಕೈ ಪಳಗಿದ ಮೇಲೆ ಅಪೊಲೊ 16ರ ನಾರ್ತ್ ರೇ ಕುಳಿಯನ್ನು ಇದೇ ಬಗೆಯಲ್ಲಿ ಅಳೆಯಿರಿ. ಅದು ಸುಮಾರು ಒಂದು ಕಿ.ಮೀ. ಅಗಲವಿದೆ. ಅಪೊಲೊ 12ರ ಸರ್ವೇಯರ್ ಕುಳಿ ಸುಮಾರು 200 ಮೀಟರ್ ಅಗಲ, ಆದರೆ ಹಳೆಯದು, ಸವೆದು ತಟ್ಟೆಯಾಗಿದೆ. ಅಲ್ಲಿ ನೆರಳು ತಳ ಮುಟ್ಟಬೇಕಾದರೆ ಸೂರ್ಯ 24 ಡಿಗ್ರಿಗಿಂತ ಬಹಳ ಕೆಳಗಿರುವ ಚಿತ್ರವನ್ನೇ ಆರಿಸಬೇಕು.