ಬಿಸಿಲಿದ್ದರೂ ವ್ಯಾನಿನ ಬ್ಯಾಟರಿ ತುಂಬದಿದ್ದಾಗ

ನಮ್ಮ ಓಮ್ನಿಗೆ 100 ವ್ಯಾಟಿನ ಸೋಲಾರ್ ಪ್ಯಾನೆಲ್ ಇದೆ. ಗಾಡಿ ನಿಲ್ಲಿಸಿದಾಗ ಬಿಸಿಲಿಗಿಡುತ್ತೇನೆ, ಹೊರಡುವಾಗ ತೆಗೆಯುತ್ತೇನೆ. ದಿನವಿಡೀ ಇಟ್ಟರೂ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ತುಂಬುತ್ತಿರಲಿಲ್ಲ. ಪ್ಯಾನೆಲ್ ಒರೆಸಿದೆ, ಕೋನ ಬದಲಿಸಿದೆ, ಹೊಸ ಬ್ಯಾಟರಿಯನ್ನೂ ಹಾಕಿಸಿದೆ. ಸುಮ್ನೆ ಖರ್ಚು.

ಕೊನೆಗೆ ಮೀಟರ್ ಹಿಡಿದು ಎರಡೂ ತುದಿ ಅಳೆದೆ. ಪ್ಯಾನೆಲ್ ಬೆನ್ನಿಗಿದ್ದ ಚಾರ್ಜ್ ಕಂಟ್ರೋಲರಿನಲ್ಲಿ (ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಪೆಟ್ಟಿಗೆ) 14.4 ವೋಲ್ಟ್, ಬ್ಯಾಟರಿಯಲ್ಲಿ 13.6. ನಡುವಿನ 6 ಮೀಟರ್ ತೆಳು ವೈರು (1.5 ಚದರ ಮಿ.ಮೀ.) 0.8 ವೋಲ್ಟ್ ನುಂಗುತ್ತಿತ್ತು. ತನ್ನ ತುದಿಯ 14.4 ನೋಡಿ, ಬ್ಯಾಟರಿ ತುಂಬುತ್ತಾ ಬಂತು ಅಂತ ಕಂಟ್ರೋಲರ್ ಕರೆಂಟು ಇಳಿಸುತ್ತಿತ್ತು.

ಕಂಟ್ರೋಲರನ್ನು ಕಳಚಿ ಬ್ಯಾಟರಿ ಪಕ್ಕಕ್ಕೆ ತಂದೆ. ಅವೆರಡರ ನಡುವೆ 6 ಚದರ ಮಿ.ಮೀ. ವೈರು, ಒಂದೇ ಮೀಟರ್. ಬ್ಯಾಟರಿ ಪ್ಲಸ್ಸಿನ ಹತ್ತಿರವೇ 15 ಆಂಪ್ ಫ್ಯೂಸ್. ಉದ್ದದ ವೈರು ಈಗ ಪ್ಯಾನೆಲ್ ಕಡೆ. ಅಲ್ಲಿ ಸುಮಾರು 18 ವೋಲ್ಟ್ ಇರುವುದರಿಂದ ಸ್ವಲ್ಪ ಇಳಿದರೂ ನಡೆಯುತ್ತದೆ. ಜೋಡಿಸುವಾಗ ಬ್ಯಾಟರಿ ಮೊದಲು, ಪ್ಯಾನೆಲ್ ಆಮೇಲೆ. ಕಳಚುವಾಗ ಉಲ್ಟಾ.