ಶನಿವಾರ ರುಬ್ಬಿದ ಹಿಟ್ಟು ಗುರುವಾರದವರೆಗೆ

ಹೊಸದಾಗಿ ಮದುವೆಯಾಗಿ ಇಬ್ಬರೂ ಕೆಲಸಕ್ಕೆ ಹೋಗುವವರಿದ್ದರೆ, ಶನಿವಾರ ರಾತ್ರಿ ವಾರದ ತಿಂಡಿ ಹಿಟ್ಟನ್ನು ಒಂದೇ ಸಲ ರುಬ್ಬಿಟ್ಟುಕೊಳ್ಳಿ. 3 ಲೋಟ ದೋಸೆ ಅಕ್ಕಿ, 1 ಲೋಟ ಉದ್ದಿನಬೇಳೆ, 1 ಚಮಚ ಮೆಂತ್ಯ. ನಾಲ್ಕೈದು ಗಂಟೆ ನೆನೆಸಿದರೆ ಸಾಕು. ಒಬ್ಬರು ರುಬ್ಬಿ, ಇನ್ನೊಬ್ಬರು ಗ್ರೈಂಡರ್ ತೊಳೆಯಿರಿ. ಭಾನುವಾರ ಬೆಳಿಗ್ಗೆ ಉಬ್ಬಿದ ಹಿಟ್ಟನ್ನು ಎರಡು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ಪ್ರತಿದಿನ ಬೇಕಾದಷ್ಟನ್ನೇ ತೆಗೆದು ಉಪ್ಪು ಹಾಕಿ. ಮೊದಲ ಎರಡು ದಿನ ಇಡ್ಲಿ, ಮಂಗಳವಾರ ಬುಧವಾರ ದೋಸೆ, ಗುರುವಾರ ಈರುಳ್ಳಿ ಹಸಿಮೆಣಸು ಹಾಕಿ ಪಡ್ಡು. ತಣ್ಣಗಿದ್ದಾಗ ಹುಳಿ ಬರುವುದು ನಿಧಾನವಾಗುತ್ತದೆ, ಬಂದಷ್ಟು ಹುಳಿ ಪಡ್ಡುವಿನಲ್ಲಿ ರುಚಿಯೇ ಅಲ್ವಾ! ಅದಕ್ಕೇ ಈ ಕ್ರಮ. ಆದರೆ ನನಗೆ ಇದರಲ್ಲಿ ಇಷ್ಟವಾಗುವುದು ಬೇರೆ. ‘ಇವತ್ತು ತಿಂಡಿ ಏನು, ಯಾರು ಮಾಡೋದು’ ಅನ್ನುವ ಪ್ರಶ್ನೆಯೇ ಬೆಳಿಗ್ಗೆ ಏಳುವುದಿಲ್ಲ. ಹೊಸ ಸಂಸಾರದಲ್ಲಿ ಸುಮ್ನೆ ಮುನಿಸು ಬರುವುದು ಜಾಸ್ತಿ ಇಂಥ ಚಿಕ್ಕ ಪ್ರಶ್ನೆಗಳಿಂದಲೇ. ತಡವಾಗಿ ಹೊರಡುವವರು ಕಾವಲಿ ಇಡಲಿ, ಬೇಗ ಹೊರಡುವವರು ಕಾಫಿ ಮಾಡಲಿ. ಜೊತೆಗೆ ಕೂತು ತಿನ್ನಲು ಹತ್ತು ನಿಮಿಷ ಖಂಡಿತ ಸಿಗುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಮಾತ್ರ ಹಿಟ್ಟು ಬೆಳಿಗ್ಗೆಗೆ ಉಬ್ಬುವುದಿಲ್ಲ. ಶನಿವಾರ ಸಂಜೆಯೇ ರುಬ್ಬಿ, ದಪ್ಪ ಟವೆಲ್ ಸುತ್ತಿ ಇಡಿ. ಕರೆಂಟ್ ಗಂಟೆಗಟ್ಟಲೆ ಹೋಗುವ ಊರಲ್ಲಿ ಮೂರು ದಿನಕ್ಕಾಗುವಷ್ಟೇ ರುಬ್ಬಿಕೊಳ್ಳಿ. ಒಬ್ಬರಿಗೆ ರಾತ್ರಿ ಪಾಳಿ ಇದ್ದರೆ ಬೆಳಗಿನ ಲೆಕ್ಕ ನಡೆಯುವುದಿಲ್ಲ, ಅದೇ ಹಿಟ್ಟನ್ನು ಸಂಜೆಯ ದೋಸೆಗೆ ಇಟ್ಟುಕೊಳ್ಳಿ. ಶುಕ್ರವಾರಕ್ಕೆ ಅವಲಕ್ಕಿ ಒಗ್ಗರಣೆ ಇದ್ದೇ ಇದೆ.